ನಿರಾಶ್ರಿತರಿಗೆ ಕಂಬಳಿಗಿಂತ ಮೊದಲು ಬೇಕಾದದ್ದು ವಿಳಾಸ

ಮಾನ್ಯ ಸಂಪಾದಕರೇ,

ಸಿರಿಯಾದ ನಿರಾಶ್ರಿತರ ಬಗ್ಗೆ ಓದುಗರ ಅಂಕಣದಲ್ಲಿ ಈಚೆಗೆ ಬಂದ ಪತ್ರಗಳು ಎರಡು ಬಗೆಯವು. ‘ಪಾಪ, ಬಟ್ಟೆಬರೆ, ಕಂಬಳಿ ಕಳಿಸೋಣ’ ಎನ್ನುವವು ಒಂದು ಬಗೆ. ‘ಅಧ್ಯಕ್ಷ ಅಸಾದ್ ಓಡಿಹೋದನಲ್ಲ, ಇನ್ನೂ ಯಾಕೆ ಯುರೋಪಿನಲ್ಲಿ ಕೂತು ತಿನ್ನುತ್ತಿದ್ದಾರೆ’ ಎನ್ನುವವು ಇನ್ನೊಂದು. ಹೊಸ ದೇಶಕ್ಕೆ ಬಂದಿಳಿದ ಕುಟುಂಬ ಮೊದಲ ಎರಡು ವರ್ಷ ಏನು ಮಾಡುತ್ತಿರುತ್ತದೆ ಎಂಬುದು ಎರಡರಲ್ಲೂ ಇಲ್ಲ. ಬಹುಪಾಲು ಅದು ಕಾಗದಪತ್ರ ಹೊಂದಿಸುತ್ತಿರುತ್ತದೆ. ನೆಲೆ ನಿಂತವರು ಯಾರು, ನಿಲ್ಲದೆ ಹೋದವರು ಯಾರು ಎಂದು ನೋಡಿದರೆ, ಧರ್ಮ, ಊಟ, ಉಡುಪುಗಳ ವ್ಯತ್ಯಾಸಕ್ಕಿಂತ ಹೆಚ್ಚಾಗಿ ಒಂದು ತಪ್ಪಿದ ಗಡುವು, ಒಂದು ತಪ್ಪು ಸ್ಪೆಲ್ಲಿಂಗು, ಕೈಗೆ ಸಿಗದ ಒಂದು ಪತ್ರ ಕಾರಣವಾಗಿರುತ್ತದೆ. ಜರ್ಮನಿ, ಕೆನಡಾಗಳಲ್ಲಿ ಕೆಲಸಕ್ಕಿರುವ ಮೈಸೂರು, ಮಂಡ್ಯದ ಮಕ್ಕಳು ಅಲ್ಲಿನ ಸ್ವಯಂಸೇವಕರ ಜೊತೆ ಸೇರಿ ಏನಾದರೂ ಮಾಡಬೇಕೆನ್ನುತ್ತಾರೆ. ಇಲ್ಲಿನ ನಿವೃತ್ತ ಮೇಷ್ಟ್ರುಗಳು ಆನ್‌ಲೈನಿನಲ್ಲಿ ಇಂಗ್ಲಿಷ್ ಹೇಳಿಕೊಡಲು ಮುಂದೆ ಬರುತ್ತಾರೆ. ಅಂಥವರ ಉಪಯೋಗಕ್ಕೆಂದು ಇದನ್ನು ತುಸು ವಿವರವಾಗಿಯೇ ಬರೆದಿದ್ದೇವೆ. ಜಾಗ ಸಾಲದಿದ್ದರೆ ಎಲ್ಲಿ ಬೇಕಾದರೂ ಕತ್ತರಿಸಿ, ಜರ್ಮನಿಯ ಅಂಚೆಪೆಟ್ಟಿಗೆಯ ಭಾಗವನ್ನು ಮಾತ್ರ ಉಳಿಸಿಕೊಡಿ.

ವಾಪಸ್ ಹೋಗುವ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇವೆ. 2024ರ ಡಿಸೆಂಬರ್ 8ರಂದು ಅಸಾದ್ ಆಡಳಿತ ಬಿದ್ದ ಮೇಲೆ ಹಿಂದಿರುಗಿದವರು ಕಡಿಮೆಯೇನಲ್ಲ. 2025ರ ಸೆಪ್ಟೆಂಬರ್ ಹೊತ್ತಿಗೆ 10 ಲಕ್ಷ ಮಂದಿ ಮರಳಿದ್ದರು ಎಂದು ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿಯೇ ಹೇಳಿದೆ. ಅವರಲ್ಲಿ ಹೆಚ್ಚಿನವರು ಟರ್ಕಿ, ಲೆಬನಾನ್, ಜೋರ್ಡಾನ್‌ಗಳಿಂದ ಹೋದವರು. ಗಡಿಯಾಚೆಗೇ ಊರು, ಬಸ್ಸಿನಲ್ಲಿ ಹೋಗಬಹುದು. ಜರ್ಮನಿಯಲ್ಲಿರುವವರ ಕಥೆ ಬೇರೆ. ಅಲ್ಲಿ ನಿರಾಶ್ರಿತ ಎಂಬ ಮಾನ್ಯತೆ ಪಡೆದವನು ‘ಮನೆ ಉಳಿದಿದೆಯೋ ನೋಡಿ ಬರುತ್ತೇನೆ’ ಎಂದು ಸಿರಿಯಾಕ್ಕೆ ಒಮ್ಮೆ ಹೋಗಿಬಂದರೂ ಆ ಮಾನ್ಯತೆಯೇ ರದ್ದಾಗಬಹುದು. ನೋಡದೆ ಹೋಗುವಂತಿಲ್ಲ, ನೋಡಲು ಹೋದರೆ ಇರುವಂತಿಲ್ಲ. ಟರ್ಕಿ ಈ ಬಿಕ್ಕಟ್ಟನ್ನು ಅರ್ಥಮಾಡಿಕೊಂಡು 2025ರ ಮೊದಲ ಆರು ತಿಂಗಳು ಕುಟುಂಬಕ್ಕೊಬ್ಬರು ಮೂರು ಸಲದವರೆಗೆ ಹೋಗಿಬರಲು ಬಿಟ್ಟಿತು. ಮನೆಯ ವಿಷಯವೂ ಸುಲಭದ್ದಲ್ಲ. ಸಿರಿಯಾ ಸರಕಾರದ 2018ರ 10ನೇ ನಂಬರಿನ ಕಾನೂನಿನ ಪ್ರಕಾರ, ಪುನರ್‌ನಿರ್ಮಾಣಕ್ಕೆಂದು ಗುರುತಾದ ಪ್ರದೇಶದಲ್ಲಿ ಆಸ್ತಿಯಿದ್ದವರು ಮೊದಲು 30 ದಿನದೊಳಗೆ ಹಕ್ಕು ಸಾಬೀತುಮಾಡಬೇಕಿತ್ತು. ಆಕ್ಷೇಪಣೆ ಬಂದ ಮೇಲೆ ಅದನ್ನು ಒಂದು ವರ್ಷಕ್ಕೆ ಏರಿಸಿದರು. ಪತ್ರಗಳೆಲ್ಲ ಸುಟ್ಟುಹೋದ ಮನೆಯವನಿಗೆ ಒಂದು ವರ್ಷವಾದರೇನು, ಹತ್ತು ವರ್ಷವಾದರೇನು.

ಮೈಸೂರಿನವರಿಗೆ ನಿರಾಶ್ರಿತರು ನೆಲೆಸುವುದು ಎಂದರೆ ಕಣ್ಣ ಮುಂದೆ ಬರುವುದು ಬೈಲಕುಪ್ಪೆ. 1960ರ ಸುಮಾರಿಗೆ ಆಗಿನ ಮೈಸೂರು ರಾಜ್ಯ ಸರಕಾರ ಸುಮಾರು 3,000 ಎಕರೆ ಗುತ್ತಿಗೆಗೆ ಕೊಟ್ಟಿತು. ಟಿಬೆಟಿನವರು ಕಾಡು ಕಡಿದು ಮುಸುಕಿನ ಜೋಳ ಬೆಳೆದರು. ಶಾಲೆ, ಸಹಕಾರ ಸಂಘ, ಮಠಗಳನ್ನು ತಾವೇ ಕಟ್ಟಿಕೊಂಡರು. 1969ರಲ್ಲಿ ಪಕ್ಕದಲ್ಲೇ ಎರಡನೆಯ ವಸತಿ ಎದ್ದಿತು. ಒಂದೇ ಜಾಗ, ಒಂದೇ ಭಾಷೆ, ಒಂದೇ ಆಡಳಿತ. ಸಿರಿಯಾದವರಿಗೆ ಪಶ್ಚಿಮದ ಯಾವ ದೇಶವೂ ಹೀಗೆ ಜಮೀನು ಕೊಟ್ಟು ಒಟ್ಟಿಗೆ ಕೂರಿಸಲಿಲ್ಲ. ಬಿಡಿಬಿಡಿಯಾಗಿ ಬಾಡಿಗೆ ಫ್ಲಾಟುಗಳಿಗೆ ಹಂಚಿದರು. ಜರ್ಮನಿಯಲ್ಲಿ ಯಾವ ರಾಜ್ಯಕ್ಕೆ ಎಷ್ಟು ಜನ ಎಂಬುದಕ್ಕೆ ಲೆಕ್ಕವೇ ಇದೆ. ರಾಜ್ಯದ ತೆರಿಗೆ ವರಮಾನಕ್ಕೆ ಮೂರರಲ್ಲಿ ಎರಡು ಪಾಲು ತೂಕ, ಜನಸಂಖ್ಯೆಗೆ ಒಂದು ಪಾಲು. ಅಣ್ಣ ಬರ್ಲಿನ್ನಿನಲ್ಲಿದ್ದರೂ ತಮ್ಮ ಬವೇರಿಯಾದ ಹಳ್ಳಿಗೆ ಹೋಗಬೇಕಾದೀತು. 2016ರ ಕಾನೂನಿನ ಮೇಲೆ, ಮಾನ್ಯತೆ ಸಿಕ್ಕವರೂ ಮೂರು ವರ್ಷ ಆ ರಾಜ್ಯ ಬಿಡುವಂತಿಲ್ಲ. ವಾರಕ್ಕೆ ಕನಿಷ್ಠ 15 ಗಂಟೆಯ, ವಿಮೆ ಕಟ್ಟುವ ಕೆಲಸ ಬೇರೆ ಕಡೆ ಸಿಕ್ಕರೆ ವಿನಾಯಿತಿ ಉಂಟು. ಹೀಗೆ ಒಂಟಿಯಾದ ಕುಟುಂಬಕ್ಕೆ ಬೈಲಕುಪ್ಪೆಯಲ್ಲಿದ್ದಂತೆ ‘ಕೇಳಿಕೊಂಡು ಬರುತ್ತೇನೆ ತಾಳು’ ಎನ್ನಲು ಪಕ್ಕದ ಮನೆಯವರಿಲ್ಲ.

ಇನ್ನು, ಎಲ್ಲರೂ ದೋಣಿ ಹತ್ತಿ ಯುರೋಪಿಗೆ ಹೋದರು ಎಂಬುದು ತಪ್ಪು ತಿಳಿವಳಿಕೆ. 2011ರಲ್ಲಿ ಯುದ್ಧ ಶುರುವಾದ ಮೇಲೆ ದೇಶ ಬಿಟ್ಟವರಲ್ಲಿ ಬಹುಪಾಲು ಜನ ಪಕ್ಕದ ದೇಶಗಳಲ್ಲೇ ಉಳಿದರು. ಟರ್ಕಿಯೊಂದರಲ್ಲೇ ಒಂದು ಕಾಲಕ್ಕೆ 36 ಲಕ್ಷಕ್ಕೂ ಹೆಚ್ಚು ಮಂದಿಯಿದ್ದರು. ಅಲ್ಲಿ 2014ರ ಅಕ್ಟೋಬರಿನ ನಿಯಮದಂತೆ ‘ತಾತ್ಕಾಲಿಕ ರಕ್ಷಣೆ’ಯ ಗುರುತಿನ ಚೀಟಿ ಕೊಡುತ್ತಾರೆ. ಅದರ ನಂಬರು 99ರಿಂದ ಶುರುವಾಗುತ್ತದೆ. ನೋಂದಾಯಿಸಿದ ಪ್ರಾಂತ್ಯದಲ್ಲೇ ಇರಬೇಕು, ಬೇರೆ ಊರಿಗೆ ಹೋಗಲು ಪ್ರಯಾಣದ ಪರವಾನಗಿ ಬೇಕು. 2016ರ ಜನವರಿಯಿಂದ ಕೆಲಸಕ್ಕೂ ಪರವಾನಗಿ ಸಿಗುತ್ತದೆ, ಆದರೆ ಅರ್ಜಿ ಹಾಕಬೇಕಾದವನು ಮಾಲೀಕ. ಅವನು ಹಾಕಿದರೆ ಕನಿಷ್ಠ ವೇತನ, ವಿಮೆ ಎಲ್ಲ ಕೊಡಬೇಕಾಗುತ್ತದೆ, ಹಾಗಾಗಿ ಹಾಕುವುದಿಲ್ಲ. ಲೆಬನಾನಿನಲ್ಲಿ ಅಧಿಕೃತ ಶಿಬಿರಗಳೇ ಇರಲಿಲ್ಲ. ಹೊಲದ ಬದುವಿನಲ್ಲಿ ಜಾಗ ಬಾಡಿಗೆಗೆ ಹಿಡಿದು ಪ್ಲಾಸ್ಟಿಕ್ ಹೊದಿಕೆಯ ಗುಡಿಸಲು ಹಾಕಿಕೊಂಡರು. 2015ರಿಂದ ವಾಸದ ಪರವಾನಗಿ ನವೀಕರಿಸಲು 15 ವರ್ಷ ತುಂಬಿದವರಿಗೆ ತಲೆಗೆ 200 ಡಾಲರ್. ಅದೇ ವರ್ಷದ ಮೇ ತಿಂಗಳಿಂದ ಹೊಸ ನೋಂದಣಿಯೂ ಬಂದ್. ಜೋರ್ಡಾನಿನ ಝಾತರಿ ಶಿಬಿರ 2012ರ ಜುಲೈಯಲ್ಲಿ ಡೇರೆಗಳಿಂದ ಶುರುವಾಗಿ ಸುಮಾರು 80 ಸಾವಿರ ಜನರ ಪಟ್ಟಣವೇ ಆಯಿತು. ಆ ದೇಶದಲ್ಲಿ ಕಾರ್ಡಿನ ಬದಲು ಕಣ್ಣಿನ ಪಾಪೆ ತೋರಿಸಿ ಎಟಿಎಂನಿಂದ ಸಹಾಯಧನ ತೆಗೆಯುವ ವ್ಯವಸ್ಥೆ ಬಂತು.

ಹೀಗೆ ಮೊದಲು ಆಶ್ರಯ ಪಡೆದ ದೇಶದಿಂದ ಮೂರನೆಯ ದೇಶಕ್ಕೆ ‘ಪುನರ್ವಸತಿ’ ಎಂದು ಹೋಗುವವರು ಜಗತ್ತಿನ ನಿರಾಶ್ರಿತರಲ್ಲಿ ವರ್ಷಕ್ಕೆ ನೂರರಲ್ಲಿ ಒಬ್ಬರೂ ಇಲ್ಲ. ತಾವಾಗಿ ಅರ್ಜಿ ಹಾಕಿ ಪಡೆಯುವ ದಾರಿ ಇದಲ್ಲ. ಹೈಕಮಿಷನರ್ ಕಚೇರಿ ನೋಂದಣಿಯ ಮಾಹಿತಿ ನೋಡಿ ಹೆಸರು ಸೂಚಿಸುತ್ತದೆ: ಚಿತ್ರಹಿಂಸೆಗೆ ಒಳಗಾದವರು, ಚಿಕಿತ್ಸೆ ಬೇಕಾದವರು, ಗಂಡ ಕಾಣೆಯಾಗಿ ಮಕ್ಕಳೊಂದಿಗೆ ಉಳಿದ ಹೆಂಗಸರು, ಹೀಗೆ. ಕರೆದುಕೊಳ್ಳುವುದು ಬಿಡುವುದು ಆಯಾ ದೇಶಕ್ಕೆ ಬಿಟ್ಟದ್ದು. ಸಂದರ್ಶನ, ಬೆರಳಚ್ಚು, ಭದ್ರತಾ ತಪಾಸಣೆ, ವೈದ್ಯಕೀಯ ಪರೀಕ್ಷೆ, ಆಮೇಲೆ ಇರುವ ದೇಶದಿಂದ ಹೊರಹೋಗಲು ಅನುಮತಿ. ಟರ್ಕಿಯಲ್ಲಿ ಈ ಕೊನೆಯದ್ದಕ್ಕೇ ಎಷ್ಟೋ ಕುಟುಂಬಗಳು ಕಾದು ಕೂತವು. ಈ ನಡುವೆ ಒಂದು ಮಗು ಹುಟ್ಟಿದರೂ ಕಡತ ಹಿಂದಕ್ಕೆ ಬರುತ್ತದೆ, ಮಗುವಿನ ಹೆಸರು ಸೇರಿಸಿ ಮತ್ತೆ ನಡೆಸಬೇಕು. ಹೇಳದೆ ಮುಚ್ಚಿಟ್ಟರೆ ಆಮೇಲೆ ಆ ಮಗುವನ್ನು ಕರೆಸಿಕೊಳ್ಳುವುದು ಹರಸಾಹಸ. ಹೊರಡುವ ದಿನ ಅಂತರರಾಷ್ಟ್ರೀಯ ವಲಸೆ ಸಂಸ್ಥೆಯವರು ಒಂದು ಬಿಳಿ ಚೀಲದಲ್ಲಿ ದಾಖಲೆಗಳನ್ನು ಹಾಕಿಕೊಡುತ್ತಾರೆ. ಅದು ಕೈಯಲ್ಲೇ ಇರಬೇಕು, ಲಗೇಜಿಗೆ ಹಾಕಬಾರದು.

ಈಗ ದಾಖಲೆಗಳ ಒಳಗೇನಿರುತ್ತದೆ ನೋಡೋಣ. ಸಿರಿಯಾದ ದಾಖಲೆಯಲ್ಲಿ ವ್ಯಕ್ತಿಯ ಹೆಸರು, ತಂದೆಯ ಹೆಸರು, ಮನೆತನದ ಹೆಸರು ಬೇರೆಬೇರೆ ಕಾಲಮ್ಮುಗಳಲ್ಲಿರುತ್ತವೆ. ತಾಯಿಯ ಹೆಸರೂ ಇರುತ್ತದೆ. ಮದುವೆಯಾದ ಮೇಲೆ ಹೆಂಗಸರು ತವರಿನ ಮನೆತನದ ಹೆಸರನ್ನೇ ಉಳಿಸಿಕೊಳ್ಳುತ್ತಾರೆ. ಜರ್ಮನಿಯ ಗುಮಾಸ್ತನಿಗೆ ಗಂಡ ಹೆಂಡತಿಯ ಕೊನೆಯ ಹೆಸರು ಬೇರೆಯಾಗಿ ಕಂಡರೆ ಮದುವೆಯ ಮೇಲೇ ಅನುಮಾನ. ಪಾಸ್‌ಪೋರ್ಟ್ ಫಾರಮ್ಮಿನಲ್ಲಿ ಇನಿಷಿಯಲ್ ಬಿಡಿಸಿ ಬರೆಯುವಾಗ ಊರು ಮೊದಲೋ ಅಪ್ಪ ಮೊದಲೋ ಎಂದು ತಲೆಕೆಡಿಸಿಕೊಂಡ ನಮ್ಮ ಜನಕ್ಕೆ ಈ ಫಜೀತಿ ಬೇಗ ಅರ್ಥವಾದೀತು. ಜೊತೆಗೆ ಅರಬ್ಬಿ ಬರಹದಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಮೊಹಮ್ಮದ್ ಎಂಬ ಒಂದೇ ಹೆಸರು ಟರ್ಕಿಯ ಚೀಟಿಯಲ್ಲಿ ಒಂದು ಬಗೆ, ಹೈಕಮಿಷನರ್ ಕಚೇರಿಯ ಪತ್ರದಲ್ಲಿ ಇನ್ನೊಂದು ಬಗೆ, ಪಾಸ್‌ಪೋರ್ಟಿನಲ್ಲಿ ಮತ್ತೊಂದು ಬಗೆ. ಬಂದಿಳಿದ ದೇಶದಲ್ಲಿ ಮೊದಲು ದಾಖಲಾದ ಸ್ಪೆಲ್ಲಿಂಗೇ ಬ್ಯಾಂಕು, ಶಾಲೆ, ತೆರಿಗೆ ಎಲ್ಲ ಕಡೆ ಹರಡುತ್ತದೆ. ಆದ್ದರಿಂದ ಮೊದಲ ಕಚೇರಿಯಲ್ಲೇ, ಗುಮಾಸ್ತ ಟೈಪು ಮಾಡಿದ್ದನ್ನು ಪಾಸ್‌ಪೋರ್ಟಿನ ಲ್ಯಾಟಿನ್ ಅಕ್ಷರಗಳ ಜೊತೆ ಅಕ್ಷರಕ್ಕೆ ಅಕ್ಷರ ತಾಳೆ ನೋಡಿ ಆಮೇಲೆ ಸಹಿ ಹಾಕಿಸಬೇಕು. ಸಹಾಯಕ್ಕೆ ಹೋದವರು ಮಾಡಬಹುದಾದ ಅತ್ಯಂತ ಅಗ್ಗದ, ಅತ್ಯಂತ ದೊಡ್ಡ ಉಪಕಾರ ಇದು.

ಅಂಕಿಗಳಲ್ಲೂ ಎಡವಟ್ಟು ಆಗುತ್ತದೆ. ಸಿರಿಯಾದ ಪತ್ರಗಳಲ್ಲಿ ಬಳಸುವ ಪೂರ್ವ ಅರಬ್ಬಿ ಅಂಕಿಗಳಲ್ಲಿ ಐದು ಎಂಬುದು ಇಂಗ್ಲಿಷ್ ಸೊನ್ನೆಯ ಹಾಗೆ ದುಂಡಗಿರುತ್ತದೆ, ಸೊನ್ನೆ ಬರೀ ಚುಕ್ಕೆ, ಆರು ಎಂಬುದು ಇಂಗ್ಲಿಷಿನ ಏಳರ ಹಾಗಿರುತ್ತದೆ. ಅವಸರದ ಅನುವಾದಕ 1965ನ್ನು 1970 ಎಂದು ಓದಿಬಿಡಬಲ್ಲ. ತಿಂಗಳ ಹೆಸರುಗಳೂ ಬೇರೆ. ಜನವರಿ, ಫೆಬ್ರವರಿ ಎನ್ನುವ ರೂಪಗಳ ಬದಲು ಆ ಪ್ರದೇಶದ ಹಳೆಯ ಹೆಸರುಗಳು: ಶುಬಾತ್ ಎಂದರೆ ಫೆಬ್ರವರಿ, ನಿಸಾನ್ ಎಂದರೆ ಏಪ್ರಿಲ್. ಈಜಿಪ್ಟಿನ ಅನುವಾದಕನಿಗೂ ಇದು ತಕ್ಷಣ ಹೊಳೆಯದಿರಬಹುದು. ಮಗನ ವಯಸ್ಸು ಐದು ವರ್ಷ ಹೆಚ್ಚು ಕಡಿಮೆ ಆದರೆ ಅವನು ಅಪ್ರಾಪ್ತನೋ ವಯಸ್ಕನೋ ಎಂಬುದೇ ತಿರುಗಿಬೀಳುತ್ತದೆ. ಹೊರಡುವ ಮೊದಲು ಕುಟುಂಬದ ದಾಖಲೆ ಪುಸ್ತಕ, ಮದುವೆ ಪತ್ರ, ಅಂಕಪಟ್ಟಿ, ಗಂಡಸರ ಸೇನಾ ಸೇವೆಯ ಪುಸ್ತಕ, ಮನೆ ಪತ್ರ, ಇಷ್ಟನ್ನು ಎರಡೂ ಬದಿ ಫೋಟೋ ತೆಗೆದು, ಬೇರೆ ದೇಶದಲ್ಲಿರುವ ನೆಂಟರೊಬ್ಬರಿಗೂ ಕಳಿಸಿಟ್ಟವರು ಬಚಾವು. ಅಸಲು ಪ್ರತಿಯನ್ನು ಯಾವ ಕಚೇರಿ ಇಟ್ಟುಕೊಂಡರೂ ಪಡೆದದ್ದಕ್ಕೆ ರಸೀದಿ ಕೇಳಬೇಕು.

ಪಾಸ್‌ಪೋರ್ಟಿನ ಅವಧಿ ಮುಗಿದರೆ ಇನ್ನೊಂದು ಕಗ್ಗಂಟು. 2017ರಲ್ಲಿ ಅಸಾದ್ ಸರಕಾರ ಹೊರದೇಶದಲ್ಲಿರುವವರ ಪಾಸ್‌ಪೋರ್ಟಿಗೆ 300 ಡಾಲರ್, ತುರ್ತಾದರೆ 800 ಡಾಲರ್ ಗೊತ್ತುಮಾಡಿತು. ಯಾರ ಬಾಂಬಿಗೆ ಹೆದರಿ ಓಡಿಬಂದರೋ ಅವರ ರಾಯಭಾರ ಕಚೇರಿಗೇ ಹೋಗಿ ದುಡ್ಡು ಕಟ್ಟಬೇಕು. ಜರ್ಮನಿಯಲ್ಲಿ ಪೂರ್ಣ ನಿರಾಶ್ರಿತ ಮಾನ್ಯತೆ ಇದ್ದವರಿಗೆ ಪಾಸ್‌ಪೋರ್ಟಿನ ಬದಲಿಗೆ ನೀಲಿ ಪ್ರಯಾಣಪತ್ರ ಸಿಗುತ್ತಿತ್ತು. ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ, ಯುದ್ಧದಂಥ ಅಪಾಯದಿಂದಾಗಿ ಕೊಡುವ ‘ಪೂರಕ ರಕ್ಷಣೆ’ಯವರನ್ನು ಮಾತ್ರ ಎಷ್ಟೋ ಕಚೇರಿಗಳು ರಾಯಭಾರ ಕಚೇರಿಗೇ ಅಟ್ಟುತ್ತಿದ್ದವು.

ಈ ಎರಡು ಮೆಟ್ಟಿಲುಗಳ ವ್ಯತ್ಯಾಸ ಬರೀ ಹೆಸರಿನದಲ್ಲ. ಪೂರ್ಣ ಮಾನ್ಯತೆ ಪಡೆದವನು ಆದೇಶ ಅಂತಿಮವಾದ ಮೂರು ತಿಂಗಳೊಳಗೆ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವುದಾಗಿ ತಿಳಿಸಿದರೆ, ಅಷ್ಟು ಸಂಬಳ ಇದೆ, ಇಷ್ಟು ದೊಡ್ಡ ಮನೆ ಇದೆ ಎಂದು ತೋರಿಸಬೇಕಿಲ್ಲ. ಮೂರು ತಿಂಗಳು ಮೀರಿದರೆ ತೋರಿಸಬೇಕು. ‘ಮೊದಲು ಭಾಷೆ ಕಲಿತು ಕೆಲಸ ಹಿಡಿದು ಆಮೇಲೆ ಕರೆಸಿಕೊಳ್ಳೋಣ’ ಎಂದು ಮರ್ಯಾದೆಯಿಂದ ಯೋಚಿಸಿದವರೇ ಇಲ್ಲಿ ಕೆಟ್ಟರು. ಪೂರಕ ರಕ್ಷಣೆಯವರಿಗಂತೂ 2016ರ ಮಾರ್ಚಿನಿಂದ 2018ರ ಜುಲೈವರೆಗೆ ಕುಟುಂಬ ಕರೆಸಿಕೊಳ್ಳುವುದನ್ನೇ ತಡೆಹಿಡಿದರು. ಆಮೇಲೆ ಇಡೀ ದೇಶಕ್ಕೆ ತಿಂಗಳಿಗೆ 1,000 ಜನ ಎಂದು ಮಿತಿ ಹಾಕಿದರು. 2025ರ ಜುಲೈಯಲ್ಲಿ ಮತ್ತೆ ಎರಡು ವರ್ಷ ನಿಲ್ಲಿಸಿದ್ದಾರೆ. ‘ಗಂಡಸರು ಒಬ್ಬೊಬ್ಬರೇ ಬಂದಿದ್ದಾರೆ, ಹೆಂಡತಿ ಮಕ್ಕಳನ್ನು ಬಿಟ್ಟು ಬಂದ ಹೇಡಿಗಳು’ ಎಂದು ಬರೆದ ಓದುಗರು ಈ ತಾರೀಖುಗಳನ್ನು ದಯವಿಟ್ಟು ಗಮನಿಸಬೇಕು.

ಈಗ ಆ ಅಂಚೆಪೆಟ್ಟಿಗೆ. ಜರ್ಮನಿಯಲ್ಲಿ ಫ್ಲಾಟಿಗೆ ಬಾಗಿಲ ನಂಬರು ಹಾಕಿ ಪತ್ರ ಬರುವ ಪದ್ಧತಿ ಸಾಮಾನ್ಯವಾಗಿ ಇಲ್ಲ. ಬೀದಿ, ಕಟ್ಟಡದ ನಂಬರು, ಆಮೇಲೆ ಪೆಟ್ಟಿಗೆಯ ಮೇಲೆ ಬರೆದ ಹೆಸರು, ಅಷ್ಟೇ. ಪೆಟ್ಟಿಗೆಯ ಮೇಲೆ ಹೆಸರಿಲ್ಲದಿದ್ದರೆ ಅಂಚೆಯವನು ಪತ್ರ ವಾಪಸ್ ಒಯ್ಯುತ್ತಾನೆ. ನಾಲ್ಕು ಜನ ಹಂಚಿಕೊಂಡ ಮನೆಯಲ್ಲಿ ಒಬ್ಬನ ಹೆಸರು ಮಾತ್ರ ಇದ್ದರೆ ಉಳಿದ ಮೂವರ ಪತ್ರ ಹೋಯಿತೆಂದೇ ಲೆಕ್ಕ. ಆಶ್ರಯ ಕೋರಿದ ಅರ್ಜಿಯ ತೀರ್ಮಾನ ಬರುವುದು ಹಳದಿ ಲಕೋಟೆಯಲ್ಲಿ. ಅಂಚೆಯವನು ಅದರ ಮೇಲೆ ತಲುಪಿಸಿದ ತಾರೀಖು ಬರೆದು ಪೆಟ್ಟಿಗೆಗೆ ಹಾಕಿ ಹೋಗುತ್ತಾನೆ, ಯಾರ ಸಹಿಯೂ ಬೇಕಿಲ್ಲ. ಕೋರ್ಟಿಗೆ ಹೋಗಲು ಇರುವ ಗಡುವು ಸಾಮಾನ್ಯವಾಗಿ ಎರಡು ವಾರ, ಅರ್ಜಿಗೆ ಆಧಾರವೇ ಇಲ್ಲವೆಂದು ತಳ್ಳಿಹಾಕಿದ್ದರೆ ಒಂದೇ ವಾರ. ಎಣಿಕೆ ಶುರುವಾಗುವುದು ಲಕೋಟೆಯ ಮೇಲಿನ ತಾರೀಖಿನಿಂದ. ಪತ್ರ ಇಟ್ಟುಕೊಂಡು ಲಕೋಟೆ ಬಿಸಾಡುವುದು ನಮ್ಮ ಅಭ್ಯಾಸವೂ ಹೌದು, ಅವರ ಅಭ್ಯಾಸವೂ ಹೌದು. ಬಿಸಾಡಿದರೆ ವಕೀಲನ ಕೈಯಲ್ಲಿ ತಾರೀಖಿಗೆ ಪುರಾವೆ ಇಲ್ಲ. ಮನೆ ಬದಲಿಸಿ ತಿಳಿಸದೇ ಇದ್ದರೆ ಇನ್ನೂ ಕೆಟ್ಟದ್ದು: ಹಳೆಯ ವಿಳಾಸಕ್ಕೆ ಕಳಿಸಿದ್ದೂ ತಲುಪಿದಂತೆಯೇ ಎಂದು ಕಾನೂನು ಹೇಳುತ್ತದೆ. ಪತ್ರ ನೋಡದವನೂ ಸೋತವನೇ.

ಹಾಗಾಗಿ ಅಲ್ಲಿರುವ ನಮ್ಮ ಹುಡುಗರಿಗೆ ಹೇಳುವುದಿಷ್ಟು. ಹೊಸ ಮನೆಗೆ ಹೋದ ದಿನವೇ ಪೆಟ್ಟಿಗೆಯ ಮೇಲೂ ಕರೆಗಂಟೆಯ ಮೇಲೂ ಮನೆಯಲ್ಲಿರುವ ಎಲ್ಲರ ಮನೆತನದ ಹೆಸರು ಅಂಟಿಸಿ. ಹೆಂಡತಿಯ ಹೆಸರು ಬೇರೆ ಎಂಬುದು ನೆನಪಿರಲಿ. ದಿನಾ ಪೆಟ್ಟಿಗೆ ತೆರೆಯುವ ಕೆಲಸವನ್ನು ಒಬ್ಬರಿಗೆ ವಹಿಸಿ. ಹಳದಿ ಲಕೋಟೆ ಬಂದರೆ ಲಕೋಟೆಯ ಮುಂಭಾಗ, ಒಳಗಿನ ಎಲ್ಲ ಪುಟ ಫೋಟೋ ತೆಗೆದು ಅದೇ ದಿನ ಸಲಹಾ ಕೇಂದ್ರಕ್ಕೋ ವಕೀಲರಿಗೋ ಕಳಿಸಲು ಹೇಳಿ. ಮೊಬೈಲಿನ ಅನುವಾದ ಆಪ್ ನಂಬಿ ಕೂರಬೇಡಿ. ಇದಾದ ಮೇಲೆ ಎರಡು ವಾರದೊಳಗೆ ಪೌರ ಕಚೇರಿಯಲ್ಲಿ ವಿಳಾಸ ನೋಂದಣಿ. ಅದಕ್ಕೆ ಮನೆ ಮಾಲೀಕನ ಸಹಿಯಿರುವ ಪತ್ರ ಬೇಕು, ಬಾಡಿಗೆ ಕರಾರು ಒಂದೇ ಸಾಲದು. ನೋಂದಣಿಯಾದರೆ ತೆರಿಗೆ ನಂಬರು ಅಂಚೆಯಲ್ಲಿ ಬರುತ್ತದೆ, ಮತ್ತೆ ಅದೇ ಪೆಟ್ಟಿಗೆಗೆ. ತೆರಿಗೆ ನಂಬರು ಇಲ್ಲದಿದ್ದರೆ ಮೊದಲ ಸಂಬಳದಲ್ಲಿ ಅತಿ ಹೆಚ್ಚಿನ ದರದ ತೆರಿಗೆ ಮುರಿದುಕೊಳ್ಳುತ್ತಾರೆ. ಬ್ಯಾಂಕಿನವರು ಖಾತೆ ಕೊಡಲ್ಲ ಎಂದರೆ, 2016ರ ಜೂನ್‌ನಿಂದ ಮೂಲ ಖಾತೆ ಎಲ್ಲರ ಹಕ್ಕು ಎಂದು ಗಟ್ಟಿಯಾಗಿ ಹೇಳಬಹುದು.

ಕೆನಡಾದ ರೀತಿ ಬೇರೆ. ಅಲ್ಲಿ 2015ರ ನವೆಂಬರ್ 4ರಿಂದ 2016ರ ಫೆಬ್ರವರಿ ಕೊನೆಯೊಳಗೆ 25 ಸಾವಿರ ಸಿರಿಯನ್ನರನ್ನು ವಿಮಾನದಲ್ಲಿ ಕರೆತಂದರು. ಇಳಿದ ದಿನದಿಂದಲೇ ಕಾಯಂ ವಾಸದ ಹಕ್ಕು. ಐದು ವರ್ಷದಲ್ಲಿ 1,095 ದಿನ ಅಲ್ಲಿದ್ದರೆ ಪೌರತ್ವಕ್ಕೆ ಅರ್ಜಿ ಹಾಕಬಹುದು. ನೋಡಿಕೊಳ್ಳುವ ಹೊಣೆ ಕೆಲವರಿಗೆ ಸರಕಾರದ್ದು, ಕೆಲವರಿಗೆ ಖಾಸಗಿ ಪ್ರಾಯೋಜಕರದ್ದು. ಕನಿಷ್ಠ ಐದು ಜನ ಪೌರರೋ ಕಾಯಂ ನಿವಾಸಿಗಳೋ ಸೇರಿ ಒಂದು ಕುಟುಂಬವನ್ನು 12 ತಿಂಗಳು ಸಾಕುತ್ತೇವೆ ಎಂದು ಬರೆದುಕೊಡಬಹುದು. ಮಿಶ್ರ ಯೋಜನೆಯಾದರೆ ಆರು ತಿಂಗಳ ಖರ್ಚು ಸರಕಾರದ್ದು, ಆರು ತಿಂಗಳದು ಗುಂಪಿನದು. ಐದು ಜನರ ಗುಂಪುಗಳ ಹೊಸ ಅರ್ಜಿ ತೆಗೆದುಕೊಳ್ಳುವುದನ್ನು 2024ರ ನವೆಂಬರ್ ಕೊನೆಯಲ್ಲಿ ನಿಲ್ಲಿಸಿದರು. ಹಣ ಕೂಡಿಸುವ ಮೊದಲು ಸದ್ಯದ ಸ್ಥಿತಿಯನ್ನು ವಲಸೆ ಇಲಾಖೆಯ ಜಾಲತಾಣದಲ್ಲಿ ನೋಡಿಕೊಳ್ಳಿ.

ಗುಂಪುಗಳು ಎಡವುವುದು ಹೆಚ್ಚಾಗಿ ಎರಡು ಕಡೆ. ಮೊದಲನೆಯದು ದುಡ್ಡಿನ ಹಿಡಿತ. ತಿಂಗಳ ಹಣವನ್ನು ಕುಟುಂಬದ ಸ್ವಂತ ಖಾತೆಗೆ ಹಾಕಬೇಕು, ಖರ್ಚಿಗೆ ಚೀಟಿ ಕೇಳಬಾರದು. ಕೋಳಿ ಯಾಕೆ ಇಷ್ಟು ತಂದಿರಿ, ಫೋನು ಯಾಕೆ ದುಬಾರಿಯದು ಎಂದು ಕೇಳುವ ಪ್ರಾಯೋಜಕರು ಸಹಾಯ ಮಾಡುತ್ತಿಲ್ಲ, ಯಜಮಾನಿಕೆ ಮಾಡುತ್ತಿದ್ದಾರೆ. ನಿರಾಶ್ರಿತರಿಂದ ಮುಂಗಡವಾಗಿಯೋ ಆಮೇಲೋ ಹಣ ಪಡೆಯುವುದಂತೂ ನಿಯಮಕ್ಕೇ ವಿರುದ್ಧ. ಎರಡನೆಯದು ಮನೆ. ಸರಕಾರ ಕರೆತಂದ ಕುಟುಂಬಗಳಲ್ಲಿ ಆರೆಂಟು ಜನರಿದ್ದದ್ದು ಸಾಮಾನ್ಯ, ಸಿಗುವ ಫ್ಲಾಟುಗಳು ಎರಡು ಕೋಣೆಯವು. 2016ರ ಆರಂಭದಲ್ಲಿ ಟೊರಾಂಟೊದಲ್ಲಿ ಎಷ್ಟೋ ಮಂದಿ ವಾರಗಟ್ಟಲೆ ಹೋಟೆಲುಗಳಲ್ಲೇ ಉಳಿಯಬೇಕಾಯಿತು. ಸಾಲದ ಇತಿಹಾಸ ಇಲ್ಲದವರಿಂದ ಮಾಲೀಕರು ಆರು ತಿಂಗಳು, ವರ್ಷದ ಬಾಡಿಗೆ ಮುಂಗಡ ಕೇಳುತ್ತಾರೆ. ಒಂಟಾರಿಯೊದಲ್ಲಿ ಕೊನೆಯ ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಕೇಳುವುದು ಕಾನೂನಿಗೆ ವಿರುದ್ಧ. ಗುಂಪಿನ ಒಬ್ಬರು ಜಾಮೀನು ನಿಂತರೆ ಎಷ್ಟೋ ಬಾಗಿಲು ತೆರೆಯುತ್ತವೆ.

ಅಲ್ಲಿನವರು ಹೆದರುವುದು 13ನೇ ತಿಂಗಳಿಗೆ. ಪ್ರಾಯೋಜಕರ ಹಣ ನಿಲ್ಲುತ್ತದೆ, ಪ್ರಾಂತ್ಯದ ಸಹಾಯಧನ ಅದಕ್ಕಿಂತ ಕಡಿಮೆ, ಬಾಡಿಗೆ ಮಾತ್ರ ಅಷ್ಟೇ. ಆ ಹೊತ್ತಿಗೆ ಮಕ್ಕಳ ಭತ್ಯೆ ಕೈಹಿಡಿಯಬೇಕು. ಅದು ಪ್ರತಿವರ್ಷ ಜುಲೈಯಲ್ಲಿ ಹೊಸದಾಗಿ ಲೆಕ್ಕವಾಗುತ್ತದೆ, ಆಧಾರ ಹಿಂದಿನ ವರ್ಷದ ಆದಾಯ ತೆರಿಗೆ ವಿವರ. ಒಂದು ಕಾಸೂ ಆದಾಯ ಇಲ್ಲದಿದ್ದರೂ ಗಂಡ, ಹೆಂಡತಿ ಇಬ್ಬರೂ ಏಪ್ರಿಲ್ 30ರೊಳಗೆ ವಿವರ ಸಲ್ಲಿಸಲೇಬೇಕು. ‘ಆದಾಯವೇ ಇಲ್ಲ, ತೆರಿಗೆ ಏಕೆ’ ಎಂದು ಸುಮ್ಮನಿದ್ದ ಮನೆಗಳಲ್ಲಿ ಭತ್ಯೆ ನಿಂತುಹೋಗುತ್ತದೆ. ಇನ್ನೊಂದು ಬಾಬತ್ತು ಪ್ರಯಾಣದ ಸಾಲ. ವಿಮಾನದ ಟಿಕೆಟ್ಟು, ವೈದ್ಯಕೀಯ ಪರೀಕ್ಷೆಯ ಖರ್ಚು ಸಾಮಾನ್ಯವಾಗಿ ಸರಕಾರ ಕೊಡುವ ಸಾಲ, ಮರಳಿ ಕಟ್ಟಬೇಕು. ಆ ಮೊದಲ 25 ಸಾವಿರದವರಿಗೆ ಮನ್ನಾ ಆಯಿತು, ಫೆಬ್ರವರಿ ಕಳೆದು ಬಂದವರಿಗೆ ಇಲ್ಲ. ಪಕ್ಕಪಕ್ಕದ ಮನೆಯಲ್ಲಿ ಒಬ್ಬರಿಗೆ ಸಾಲ, ಒಬ್ಬರಿಗೆ ಇಲ್ಲ. ಈ ಅಸಮಾಧಾನ ಸಹಜವಾದದ್ದೇ.

ಪಾಠ ಹೇಳಲು ಮುಂದಾದ ಮೇಷ್ಟ್ರುಗಳಿಗೆ ಎರಡು ಮಾತು. ಸಿರಿಯಾದವರೆಲ್ಲ ಒಂದೇ ಮಟ್ಟದವರೆಂದು ಒಂದೇ ತರಗತಿಯಲ್ಲಿ ಕೂರಿಸಬೇಡಿ. ಶಾಲೆಯಲ್ಲಿ ಇಂಗ್ಲಿಷೋ ಫ್ರೆಂಚೋ ಓದಿದವರು ಒಂದು ಗುಂಪು. ಅರಬ್ಬಿ ಚೆನ್ನಾಗಿ ಓದಬಲ್ಲ, ಲ್ಯಾಟಿನ್ ಲಿಪಿ ಗೊತ್ತಿಲ್ಲದವರು ಇನ್ನೊಂದು. ಹಳ್ಳಿಗಾಡಿನಿಂದ ಬಂದ, ಯಾವ ಲಿಪಿಯೂ ಬಾರದ ಹೆಂಗಸರು ಮೂರನೆಯದು. ಎರಡನೆಯ ಗುಂಪಿಗೆ ಆರೆಂಟು ವಾರದಲ್ಲಿ ಲಿಪಿ ಹಿಡಿತಕ್ಕೆ ಸಿಗಬಹುದು, ಮೂರನೆಯ ಗುಂಪಿಗೆ ಪೆನ್ಸಿಲ್ ಹಿಡಿಯುವುದರಿಂದ ಶುರುಮಾಡಬೇಕು. ಅರಬ್ಬಿ ಬಲದಿಂದ ಎಡಕ್ಕೆ, ಕೂಡಕ್ಷರದಲ್ಲಿ ಹರಿಯುವ ಬರಹ. ದೊಡ್ಡಕ್ಷರ ಸಣ್ಣಕ್ಷರ ಎಂಬ ಭೇದವಿಲ್ಲ. ಹಾಗಾಗಿ ಬಿ ಮತ್ತು ಡಿ, ಪಿ ಮತ್ತು ಕ್ಯೂ ತಿರುವುಮುರುವಾಗುತ್ತವೆ. ‘ಪ’ ಧ್ವನಿ ಅರಬ್ಬಿಯಲ್ಲಿ ಇಲ್ಲ, ಪಾರ್ಕಿಂಗ್ ಎಂಬುದು ಬಾರ್ಕಿಂಗ್ ಆಗುತ್ತದೆ. ನಗಬೇಡಿ. ತುಟಿಯ ಮುಂದೆ ತೆಳು ಕಾಗದದ ಚೂರು ಹಿಡಿದು ‘ಪ’ ಅನ್ನುವಾಗ ಅದು ಅಲುಗುವುದನ್ನು ತೋರಿಸಿ, ‘ಬ’ ಅನ್ನುವಾಗ ಹೆಚ್ಚು ಅಲುಗುವುದಿಲ್ಲ. ಪಠ್ಯಪುಸ್ತಕದ ಬದಲು ಶಾಲೆಯಿಂದ ಬಂದ ಚೀಟಿ, ಔಷಧದ ಡಬ್ಬಿಯ ಮೇಲಿನ ಬರಹ, ಬಸ್ಸಿನ ವೇಳಾಪಟ್ಟಿ, ಕರೆಂಟ್ ಬಿಲ್ಲು ಇಟ್ಟುಕೊಂಡು ಓದಿಸಿ. 45 ನಿಮಿಷಕ್ಕಿಂತ ಹೆಚ್ಚು ಎಳೆಯಬೇಡಿ. ಜರ್ಮನಿಯ ಸರಕಾರಿ ಕೋರ್ಸಿನಲ್ಲೂ ಪಾಠ 45 ನಿಮಿಷದ್ದೇ. ಅಲ್ಲಿ ಇಂಥ 600 ಭಾಷಾ ಪಾಠ, 100 ಪಾಠ ದೇಶದ ಕಾನೂನು, ಚರಿತ್ರೆ. ಕೂಸುಗಳಿರುವ ತಾಯಂದಿರು ಇದನ್ನು ಅರ್ಧಕ್ಕೆ ಬಿಡುವುದಕ್ಕೆ ದೊಡ್ಡ ಕಾರಣ, ಮಕ್ಕಳನ್ನು ನೋಡಿಕೊಳ್ಳುವವರಿಲ್ಲ ಎಂಬುದು. ಅಂಥವರಿಗೆ ಮಗು ಮಲಗಿದ ಹೊತ್ತಿನ ಆನ್‌ಲೈನ್ ಪಾಠ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ.

ಕೆಲಸದ ವಿಷಯದಲ್ಲಿ ವಿಚಿತ್ರವೆಂದರೆ, ಅತಿ ಕಷ್ಟದ ಪರೀಕ್ಷೆಯಿರುವ ವೈದ್ಯ ವೃತ್ತಿಯಲ್ಲೇ ಅವರು ಎದ್ದು ಕಾಣುತ್ತಾರೆ. ಜರ್ಮನಿಯಲ್ಲಿರುವ ವಿದೇಶಿ ವೈದ್ಯರಲ್ಲಿ ಸಿರಿಯಾದವರದೇ ಅತಿ ದೊಡ್ಡ ಗುಂಪು, 5 ಸಾವಿರಕ್ಕೂ ಹೆಚ್ಚು. ಸಿರಿಯಾದಲ್ಲಿ ವೈದ್ಯಶಾಸ್ತ್ರವನ್ನೂ ಅರಬ್ಬಿಯಲ್ಲೇ ಕಲಿಸುತ್ತಾರೆ. ರೋಗದ ಹೆಸರುಗಳಿಂದ ಹಿಡಿದು ಎಲ್ಲವನ್ನೂ ಹೊಸ ಭಾಷೆಯಲ್ಲಿ ಮತ್ತೆ ಕಲಿತು, ವೈದ್ಯಕೀಯ ಭಾಷಾ ಪರೀಕ್ಷೆ, ಆಮೇಲೆ ಜ್ಞಾನ ಪರೀಕ್ಷೆ ಪಾಸು ಮಾಡಬೇಕು. ಸಿಕ್ಕಿಹಾಕಿಕೊಳ್ಳುವವರು ಅಲೆಪ್ಪೋದ ದರ್ಜಿ, ಬಡಗಿ, ಗಾರೆ ಕೆಲಸದವರು. ಉಸ್ತಾದನ ಕೈಕೆಳಗೆ ಇಪ್ಪತ್ತು ವರ್ಷ ಪಳಗಿದ ಕೈ, ಆದರೆ ಒಂದು ಸರ್ಟಿಫಿಕೇಟೂ ಇಲ್ಲ. ಜರ್ಮನಿಯಲ್ಲಿ ಎರಡರಿಂದ ಮೂರೂವರೆ ವರ್ಷದ ವೃತ್ತಿ ತರಬೇತಿ ಮಾಡದವನು ಕುಶಲಕರ್ಮಿಯೇ ಅಲ್ಲ. ಪತ್ರವಿಲ್ಲದವರು ಕೆಲಸ ಮಾಡಿ ತೋರಿಸಿ ಅರ್ಹತೆ ಪಡೆಯುವ ದಾರಿಯೂ ಅಲ್ಲಿದೆ, ಗೊತ್ತಿರುವವರು ಕಡಿಮೆ. 2024ರಲ್ಲಿ 83 ಸಾವಿರಕ್ಕೂ ಹೆಚ್ಚು ಸಿರಿಯನ್ನರು ಜರ್ಮನ್ ಪೌರರಾದರು, ಪೌರತ್ವ ಪಡೆದವರಲ್ಲಿ ಮೊದಲ ಸ್ಥಾನ ಅವರದೇ. ಪೌರತ್ವಕ್ಕೆ ಸಾಮಾನ್ಯವಾಗಿ ಸ್ವಂತ ದುಡಿಮೆಯಿಂದ ಬದುಕುತ್ತಿದ್ದೇನೆ ಎಂದು ತೋರಿಸಬೇಕು. ‘ಕೂತು ತಿನ್ನುವುದು’ ಎಂಬ ಮಾತಿಗೆ ಇಷ್ಟೇ ಸಾಕು.

ದುಭಾಷಿಗಳ ವಿಷಯ ಚಿಕ್ಕದು, ಆದರೆ ಅಪಾಯದ್ದು. ಮಕ್ಕಳು ಬೇಗ ಭಾಷೆ ಕಲಿಯುತ್ತಾರೆಂದು ಆಸ್ಪತ್ರೆಗೆ ಹತ್ತು ವರ್ಷದ ಹುಡುಗಿಯನ್ನು ಕರೆದೊಯ್ದು ಅಮ್ಮನ ಸ್ತ್ರೀರೋಗದ ವಿವರ ಹೇಳಿಸಬಾರದು. ಅರಬ್ಬಿ ಬರುತ್ತದೆಂದು ಮೊರಾಕೊದವರನ್ನು ಕರೆದರೆ ಸಿರಿಯಾದ ಹಳ್ಳಿಯವರಿಗೆ ಅರ್ಧವೂ ತಿಳಿಯದು. ಕುರ್ದರಿಗೆ ಅವರ ಮಾತಾದ ಕುರ್ಮಾಂಜಿ ಬೇಕು. ಅದೇ ಊರಿನ ದುಭಾಷಿ ಸಿಕ್ಕರೆ ಒಳ್ಳೆಯದೇ ಆಯಿತು ಎಂದೂ ಅನ್ನಬೇಡಿ. ಗೂಢಚಾರರ ರಾಜ್ಯದಲ್ಲಿ ಬೆಳೆದವರು ಊರಿನವನ ಮುಂದೆ ಬಾಯಿ ಬಿಡುವುದಿಲ್ಲ. ಸಂದರ್ಶನದಲ್ಲಿ ಮಾತು ಅರ್ಥವಾಗದಿದ್ದರೆ ಅಲ್ಲೇ ಹೇಳಿ ದಾಖಲಿಸಬೇಕು. ಓದಿ ಹೇಳಿದ ಮೇಲೆ ಸಹಿ ಹಾಕಿಬಿಟ್ಟರೆ ಆಮೇಲೆ ‘ದುಭಾಷಿ ತಪ್ಪು ಹೇಳಿದ’ ಎಂಬುದನ್ನು ಕೋರ್ಟು ಸುಲಭವಾಗಿ ಒಪ್ಪುವುದಿಲ್ಲ.

ಕೊನೆಯದಾಗಿ ನಮ್ಮೂರಿನದೇ ವಿಷಯ. ಮೈಸೂರು ವಿಶ್ವವಿದ್ಯಾನಿಲಯಕ್ಕೆ ಪಶ್ಚಿಮ ಏಷ್ಯಾದ ವಿದ್ಯಾರ್ಥಿಗಳು ಬರುವುದು ಹೊಸತಲ್ಲ. ಮಾನಸಗಂಗೋತ್ರಿಯ ಸುತ್ತಮುತ್ತ ಅವರಿಗೆ ಮನೆ ಬಾಡಿಗೆಗೆ ಕೊಡುವವರಿದ್ದಾರೆ. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ನಿರಾಶ್ರಿತರಿಗೆಂದೇ ಪ್ರತ್ಯೇಕ ಕಾನೂನೂ ಇಲ್ಲ. 2025ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿರುವ ವಲಸೆ ಮತ್ತು ವಿದೇಶಿಯರ ಕಾಯ್ದೆಯಡಿ ಸಿರಿಯಾದವನೂ ಉಳಿದೆಲ್ಲರಂತೆ ವಿದೇಶಿಯೇ. ಆದರೂ ವಿದೇಶಿಯರ ಪ್ರಾಣಕ್ಕೂ ಸಂವಿಧಾನದ 21ನೇ ವಿಧಿಯ ರಕ್ಷಣೆ ಉಂಟು ಎಂದು ಪೂರ್ವ ಪಾಕಿಸ್ತಾನದಿಂದ ಬಂದಿದ್ದ ಚಕ್ಮಾ ನಿರಾಶ್ರಿತರ ಪ್ರಕರಣದಲ್ಲಿ 1996ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಮನೆಯವರು ಮಾಡಬೇಕಾದದ್ದು: ವಿದೇಶಿ ಬಾಡಿಗೆದಾರ ಬಂದ 24 ಗಂಟೆಯೊಳಗೆ ಆನ್‌ಲೈನಿನಲ್ಲಿ ಅವರ ವಾಸದ ಮಾಹಿತಿ ಕೊಡುವ ಫಾರಂ (‘ಫಾರಂ ಸಿ’ ಎಂಬುದು ರೂಢಿಯ ಹೆಸರು) ತುಂಬಬೇಕು, ಪಾಸ್‌ಪೋರ್ಟ್ ಮತ್ತು ವೀಸಾ ಪುಟದ ಪ್ರತಿ ಇಟ್ಟುಕೊಳ್ಳಬೇಕು, ಅಸಲು ಪಾಸ್‌ಪೋರ್ಟನ್ನು ಅಡವಿಟ್ಟುಕೊಳ್ಳಬಾರದು. 180 ದಿನಕ್ಕಿಂತ ಹೆಚ್ಚಿನ ವಿದ್ಯಾರ್ಥಿ ವೀಸಾದವರು ಬಂದ 14 ದಿನದೊಳಗೆ ನೋಂದಾಯಿಸಿಕೊಳ್ಳಬೇಕು, ಅದಕ್ಕೆ ವಿಳಾಸದ ಪುರಾವೆಯಾಗಿ ಕೇಳುವುದು ನಿಮ್ಮ ಬಾಡಿಗೆ ಕರಾರನ್ನೇ. ‘ಕರಾರು ಗಿರಾರು ಬೇಡ, ಕೈಗೆ ಬಾಡಿಗೆ ಕೊಟ್ಟರೆ ಸಾಕು’ ಎನ್ನುವ ಮಾಲೀಕರು ತೆರಿಗೆ ಉಳಿಸಿಕೊಂಡು, ಆ ಹುಡುಗನ ವೀಸಾ ವಿಸ್ತರಣೆಗೆ ಕಲ್ಲು ಹಾಕಿದಂತೆ. ಓದು ಮುಗಿದು ಊರಿಗೆ ಹೋಗಲಾಗದವರು ವೀಸಾ ಮುಗಿಯುವ ಮೊದಲೇ ದೆಹಲಿಯಲ್ಲಿರುವ ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿಯಲ್ಲಿ ನೋಂದಾಯಿಸಿಕೊಂಡು, ದೀರ್ಘಾವಧಿ ವೀಸಾಕ್ಕೆ ಅರ್ಜಿ ಹಾಕುವುದು ಒಳ್ಳೆಯದು. ಅದಕ್ಕೂ ಚಾಲ್ತಿಯಲ್ಲಿರುವ ಕರಾರು, ಫಾರಂ ಸಿಯ ಪ್ರತಿ ಬೇಕಾಗುತ್ತದೆ. ಕೇಳಿದ ದಿನ ಎರಡನ್ನೂ ಪ್ರಿಂಟು ತೆಗೆದು ಕೊಡಿ.

ಇತಿ,
ನಿರಾಶ್ರಿತರ ಕಾನೂನು, ಅನುವಾದ ಮತ್ತು ಭಾಷಾ ಬೋಧನೆಯಲ್ಲಿ ತೊಡಗಿರುವ ಕೆಲವರು,
ಮೈಸೂರು